ದಾವಣಗೆರೆಯಲ್ಲಿ ನಾಲ್ಕು ಬಾಡಿಗೆ ಮನೆಗಳ ಕಟ್ಟಡ: ಕೊಳ್ಳುವುದೋ, ಇರುವ ಸೈಟಿನಲ್ಲಿ ಕಟ್ಟುವುದೋ?

ಹದಡಿ ರಸ್ತೆಯ ಓದುಗ ಕೇಳಿದ್ದು:

ಅನುಭವಸ್ಥರೆಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ; ನನ್ನ ಪತ್ನಿ ಶಾಲಾ ಶಿಕ್ಷಕಿ. ಇಬ್ಬರ ಉಳಿತಾಯ ಸೇರಿ ಸುಮಾರು 20 ಲಕ್ಷ ರೂಪಾಯಿ ಕೈಯಲ್ಲಿದೆ. ಅದನ್ನು ಬಾಡಿಗೆ ತರುವ ಮನೆಗಳಲ್ಲಿ ತೊಡಗಿಸಬೇಕೆಂಬುದು ನಮ್ಮ ಬಹಳ ದಿನಗಳ ಆಸೆ. ನಮ್ಮ ತಂದೆ ಹತ್ತಿ ಗಿರಣಿಯಲ್ಲಿ ದುಡಿದವರು. ನಾವು ಬೆಳೆದದ್ದು ಹಳೇ ಊರಿನ ಒಂದು ವಠಾರದಲ್ಲಿ. ಒಂದೇ ಅಂಗಳದ ಸುತ್ತ ಆರು ಸಂಸಾರಗಳಿದ್ದವು. ಆರು ಮನೆಗಳ ಬಾಡಿಗೆಯೂ ಒಬ್ಬರ ಕೈಗೆ ಸೇರುತ್ತಿದ್ದುದನ್ನು ಕಂಡವನಾದ್ದರಿಂದ, ಒಂದೇ ಕಟ್ಟಡದಲ್ಲಿ ಹಲವು ಮನೆಗಳಿರುವುದು ಬಿಡಿ ಮನೆಗಿಂತ ಭದ್ರವೆಂದು ನನಗೆ ಮೊದಲಿನಿಂದಲೂ ಅನ್ನಿಸಿದೆ.

ಈಗ ನಮ್ಮ ಮುಂದೆ ಎರಡು ದಾರಿಗಳಿವೆ. ಮೊದಲನೆಯದು, ವಿದ್ಯಾನಗರದ ಕಡೆ ಮಾರಾಟಕ್ಕಿರುವ ಒಂದು ಕಟ್ಟಡ. ಅದರಲ್ಲಿ ಎರಡು ಕೋಣೆಗಳ ನಾಲ್ಕು ಮನೆಗಳಿದ್ದು, ಈಗ ತಲಾ 8,000 ರೂಪಾಯಿ ಬಾಡಿಗೆ ಬರುತ್ತಿದೆ. ಮಾಲೀಕರು ಒಂದು ಕೋಟಿ ಕೇಳುತ್ತಿದ್ದಾರೆ. ಎರಡನೆಯದು, ಹದಡಿ ರಸ್ತೆಯ ಕಡೆ ನಮ್ಮ ತಂದೆಯವರು ಬಹಳ ವರ್ಷಗಳ ಹಿಂದೆ ಕೊಂಡಿಟ್ಟಿರುವ 40×60 ಸೈಟು. ಅಲ್ಲಿ ಇನ್ನೂ ಏನನ್ನೂ ಕಟ್ಟಿಲ್ಲ.

ಅಮೆರಿಕದ ಕೆಲವು ವಿಡಿಯೊಗಳಲ್ಲಿ, ನಾಲ್ಕು ಮನೆಗಳ ಕಟ್ಟಡವನ್ನು ಅತ್ಯಲ್ಪ ಮುಂಗಡ ಕೊಟ್ಟು ಕೊಂಡು, ಒಂದರಲ್ಲಿ ತಾವೇ ವಾಸವಿದ್ದು, ಉಳಿದ ಮೂರರ ಬಾಡಿಗೆಯಿಂದಲೇ ಸಾಲದ ಕಂತು ಕಟ್ಟುವ ವಿಧಾನವನ್ನು ವಿವರಿಸುತ್ತಾರೆ. ಅದು ನಮ್ಮ ಊರಿನಲ್ಲಿ ನಡೆಯುತ್ತದೆಯೇ? ಸಾಲ ಎಷ್ಟರವರೆಗೆ ಕ್ಷೇಮ? ಕಾಗದಪತ್ರಗಳಲ್ಲಿ ಯಾವುದನ್ನು ಮುಖ್ಯವಾಗಿ ನೋಡಬೇಕು? ಬಾಡಿಗೆದಾರರಾಗಿ ವಿದ್ಯಾರ್ಥಿಗಳು ಒಳ್ಳೆಯದೋ, ಸಂಸಾರಸ್ಥರೋ? ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಬೆಣ್ಣೆನಗರಿ ಉತ್ತರ:

ನೀವು ಅಂಕಿಗಳನ್ನು ಕೊಟ್ಟು ಕೇಳಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ನಾನು ಇದೇ ಊರಿನಲ್ಲಿ ಬಾಡಿಗೆ ಮನೆಗಳನ್ನು ನೋಡಿಕೊಂಡು ಬಂದವನು. ಅದರ ಮೇಲಿಂದ ಹೇಳುತ್ತೇನೆ.

ಮೊದಲು ಅಮೆರಿಕದ ವಿಷಯ ಮುಗಿಸಿಬಿಡೋಣ. ಅಲ್ಲಿ ಎಫ್‌ಎಚ್‌ಎ ಎಂಬ ಸರ್ಕಾರಿ ವಿಮೆಯ ಸಾಲ ಪಡೆದರೆ, ಮಾಲೀಕ ಅದೇ ಕಟ್ಟಡದಲ್ಲಿ ವಾಸಿಸುವ ಷರತ್ತಿನ ಮೇಲೆ, ನಾಲ್ಕು ಮನೆಗಳವರೆಗಿನ ಕಟ್ಟಡಕ್ಕೆ ಶೇ 3.5ರಷ್ಟು ಮುಂಗಡ ಸಾಕು. 30 ವರ್ಷ ಬದಲಾಗದ ಬಡ್ಡಿಯ ಸಾಲ ಅಲ್ಲಿ ಸಾಮಾನ್ಯ. ತಿಂಗಳ ಬಾಡಿಗೆ ಕೊಂಡ ಬೆಲೆಯ ಶೇ 1ರಷ್ಟಿರಬೇಕು ಎಂಬ ಸ್ಥೂಲ ಅಳತೆಯನ್ನೂ ಅವರು ಇಟ್ಟುಕೊಂಡಿದ್ದಾರೆ. ಈ ಅಳತೆಯನ್ನು ವಿದ್ಯಾನಗರದ ಕಟ್ಟಡಕ್ಕೆ ಹಾಕಿ ನೋಡಿ: ಒಂದು ಕೋಟಿಗೆ ತಿಂಗಳಿಗೆ ಒಂದು ಲಕ್ಷ ಬಾಡಿಗೆ ಬರಬೇಕಿತ್ತು, ಬರುತ್ತಿರುವುದು 32,000. ಇದು ಆ ಕಟ್ಟಡದ ದೋಷವಲ್ಲ. ಅಲ್ಲಿ ಐದು ಅಥವಾ ಹೆಚ್ಚು ಮನೆಗಳ ಕಟ್ಟಡದ ಬೆಲೆಯನ್ನು ಅದು ತರುವ ನಿವ್ವಳ ಆದಾಯದಿಂದ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಬೆಲೆ ನಿಲ್ಲುವುದು ಸೈಟಿನ ಚದರಡಿ ದರದ ಮೇಲೆ. ಬಾಡಿಗೆ ಮಾತ್ರ ಊರಿನ ಸಂಬಳ ಎಷ್ಟು ತಾಳುತ್ತದೋ ಅಷ್ಟೇ ಏರುತ್ತದೆ. ಜಾಗದ ಬೆಲೆಗೂ ಬಾಡಿಗೆಗೂ ನಂಟು ಇಷ್ಟು ಸಡಿಲವಾಗಿರುವ ಕಡೆ ಅವರ ವಿಧಾನ ನಡೆಯುವುದಿಲ್ಲ.

ಈಗ ಕೊಳ್ಳುವ ಲೆಕ್ಕ. ವರ್ಷಕ್ಕೆ 3.84 ಲಕ್ಷ ಬಾಡಿಗೆ, ಅಂದರೆ ಬೆಲೆಯ ಶೇ 3.84. ಇದರಲ್ಲಿ ಪಾಲಿಕೆಯ ಕಂದಾಯ, ಮೋಟಾರು ಮತ್ತು ನಲ್ಲಿಗಳ ದುರಸ್ತಿ, ಬಾಡಿಗೆದಾರ ಬದಲಾದಾಗಲೆಲ್ಲ ಸುಣ್ಣಬಣ್ಣ, ಮನೆಯೊಂದು ಖಾಲಿ ಬೀಳುವ ತಿಂಗಳು, ಇವನ್ನೆಲ್ಲ ಕಳೆದರೆ ಉಳಿಯುವುದು ಮೂರು ಲಕ್ಷದ ಆಸುಪಾಸು. ನೋಂದಣಿಯ ಖರ್ಚನ್ನೂ ಮರೆಯಬೇಡಿ. ಈ ಬೆಲೆಯ ಆಸ್ತಿಗೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6 ಆಗುತ್ತದೆ, ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿಸಿದ್ದಾರೆ. ಒಟ್ಟು 7.6 ಲಕ್ಷ ಕೈಯಿಂದಲೇ ಹೋಗಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಆಸ್ತಿ ಮೌಲ್ಯದ ಶೇ 80ರವರೆಗೆ, ಅದಕ್ಕೂ ದೊಡ್ಡ ಸಾಲಕ್ಕೆ ಶೇ 75ರವರೆಗೆ ಮಾತ್ರ ಕೊಡಬಹುದು. ಹೀಗಾಗಿ 75 ಲಕ್ಷ ಸಾಲ ಸಿಕ್ಕರೂ ನಿಮ್ಮ ಕೈಯಿಂದ ಸುಮಾರು 32.6 ಲಕ್ಷ ಬೇಕು, ಇರುವುದು 20. ಹೇಗೋ ಹೊಂದಿಸಿದಿರಿ ಎಂದೇ ಇಟ್ಟುಕೊಳ್ಳಿ. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಮಾಸಿಕ ಕಂತು 65,000 ರೂಪಾಯಿ ದಾಟುತ್ತದೆ, ಬಾಡಿಗೆ 32,000 ನಿಲ್ಲುತ್ತದೆ. ಉಳಿದ 33,000ವನ್ನು ಪ್ರತಿ ತಿಂಗಳು ಸಂಬಳದಿಂದ ಹಾಕುತ್ತ ಹೋಗುವುದಾದರೆ, ಅದು ಆದಾಯ ತರುವ ಆಸ್ತಿಯಲ್ಲ, ಜಾಗದ ಬೆಲೆ ಏರುತ್ತದೆಂದು ನಂಬಿ ಕಟ್ಟುವ ದೊಡ್ಡ ಚೀಟಿ. ನಾನಾದರೆ ಈ ಕಟ್ಟಡವನ್ನು ಕೊಳ್ಳುವುದಿಲ್ಲ.

ಸೈಟಿನಲ್ಲಿ ಕಟ್ಟುವ ಲೆಕ್ಕ ಬೇರೆ. ಆರು ಚದರದ (ಒಂದು ಚದರವೆಂದರೆ 100 ಚದರಡಿ) ನಾಲ್ಕು ಮನೆ, ಮೆಟ್ಟಿಲು ಮತ್ತು ಓಡಾಟದ ಜಾಗ ಸೇರಿ 26 ಚದರ ಎಂದುಕೊಳ್ಳೋಣ. ಚದರಕ್ಕೆ ಎರಡು ಲಕ್ಷದಂತೆ 52 ಲಕ್ಷ. ಸಂಪು, ಬೋರ್‌ವೆಲ್, ಕಾಂಪೌಂಡು, ಪರವಾನಗಿ, ಮೀಟರುಗಳ ಠೇವಣಿ ಎಂದು ಇನ್ನೈದು ಲಕ್ಷ ಸೇರಿಸಿ, 57 ಲಕ್ಷ. ಈ ದರ ನಾನು ಲೆಕ್ಕಕ್ಕಾಗಿ ಹಿಡಿದದ್ದು; ನಿಮ್ಮ ಎಂಜಿನಿಯರ್ ಕೊಡುವ ಅಂದಾಜಿನ ಪ್ರಕಾರ ಬದಲಿಸಿಕೊಳ್ಳಿ. ಅದೇ 3.84 ಲಕ್ಷ ಬಾಡಿಗೆ ಈ ಮೊತ್ತದ ಶೇ 6.7ರಷ್ಟಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸೈಟು ಪುಕ್ಕಟೆ ಎಂದು ಭಾವಿಸುವುದರಿಂದ ಈ ಅಂಕಿ ಚೆನ್ನಾಗಿ ಕಾಣುತ್ತದೆ. ಸೈಟಿಗೆ ಇಂದು 50 ಲಕ್ಷ ಬೆಲೆಯಿದ್ದರೆ ಒಟ್ಟು 1.07 ಕೋಟಿಗೆ ಅದೇ ಬಾಡಿಗೆ, ಅಂದರೆ ಶೇ 3.6, ವಿದ್ಯಾನಗರದ ಕಟ್ಟಡಕ್ಕಿಂತಲೂ ಕಡಿಮೆ. ಹಾಗಿದ್ದರೂ ನಾನು ಕಟ್ಟುವುದನ್ನೇ ಏಕೆ ಸೂಚಿಸುತ್ತೇನೆ ಎಂದರೆ, ಜಾಗದ ಬೆಲೆಗೆ ನೀವು ಬಡ್ಡಿ ಕಟ್ಟಬೇಕಾಗಿಲ್ಲ. ತಂದೆಯವರಿಗೆ ಸೈಟು ಮಾರುವ ಯೋಚನೆ ಇಲ್ಲದಿದ್ದರೆ, ಖಾಲಿ ಬಿದ್ದಿರುವ ಜಾಗಕ್ಕೆ ದುಡಿಮೆ ಕೊಟ್ಟಂತಾಗುತ್ತದೆ.

ಕಟ್ಟುವುದಾದರೂ ನಾಲ್ಕನ್ನೂ ಒಂದೇ ಸಲ ಕಟ್ಟಬೇಡಿ. ಪಾಯ ಮತ್ತು ಕಂಬಗಳನ್ನು ಮೇಲಿನ ಅಂತಸ್ತುಗಳ ಭಾರಕ್ಕೆ ಸ್ಟ್ರಕ್ಚರಲ್ ಎಂಜಿನಿಯರಿಂದ ವಿನ್ಯಾಸ ಮಾಡಿಸಿ, ನಕ್ಷೆಯನ್ನು ಪೂರ್ಣ ಕಟ್ಟಡಕ್ಕೇ ಮಂಜೂರು ಮಾಡಿಸಿಕೊಂಡು, ಮೊದಲು ನೆಲ ಅಂತಸ್ತಿನ ಎರಡು ಮನೆಗಳನ್ನಷ್ಟೇ ಮುಗಿಸಿ. 13 ಚದರಕ್ಕೆ 26 ಲಕ್ಷ, ಮೇಲಿನ ಐದು ಲಕ್ಷ ಸೇರಿ 31. ಪಾಯಕ್ಕೆ ಸ್ವಲ್ಪ ಹೆಚ್ಚು ತಗಲುತ್ತದೆ, ಅದನ್ನೂ ಎಂಜಿನಿಯರ್ ಅಂದಾಜಿನಲ್ಲಿ ಕೇಳಿಕೊಳ್ಳಿ. ಕೈಯಿಂದ 18 ಹಾಕಿ, ಎರಡನ್ನು ಆಪತ್ತಿಗೆ ಉಳಿಸಿಕೊಂಡು, 13 ಲಕ್ಷ ಸಾಲ ಮಾಡಿದರೆ ಕಂತು ಸುಮಾರು 11,300, ಬಾಡಿಗೆ 16,000. ಒಂದು ಮನೆ ಎರಡು ತಿಂಗಳು ಖಾಲಿ ಇದ್ದರೂ ನಿಮ್ಮ ನಿದ್ದೆ ಕೆಡುವುದಿಲ್ಲ. ಸಾಲ ಎಷ್ಟರವರೆಗೆ ಕ್ಷೇಮ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ: ವರ್ಷದಲ್ಲಿ ಹತ್ತು ತಿಂಗಳ ಬಾಡಿಗೆಯಿಂದ ಹನ್ನೆರಡು ಕಂತು ಮತ್ತು ಕಂದಾಯ ತೀರಬೇಕು. ಅದಕ್ಕಿಂತ ದೊಡ್ಡ ಸಾಲ ಬೇಡ. ವೈಯಕ್ತಿಕ ಗೃಹಸಾಲ ಬದಲಾಗುವ ಬಡ್ಡಿಯದ್ದಾದರೆ ಅವಧಿಗೆ ಮೊದಲೇ ತೀರಿಸಿದ್ದಕ್ಕೆ ಬ್ಯಾಂಕು ದಂಡ ವಿಧಿಸುವಂತಿಲ್ಲ. ಆದ್ದರಿಂದ ಬಾಡಿಗೆಯಲ್ಲಿ ಮಿಕ್ಕಿದ್ದನ್ನು ಅಸಲಿಗೆ ಕಟ್ಟುತ್ತ ಹೋಗಿ, ಆ ಸಾಲ ಇಳಿದ ಮೇಲೆ ಮೇಲಂತಸ್ತಿಗೆ ಕೈ ಹಾಕಿ.

ಪತ್ರಬರಹ ಉತ್ತರ:

ಬೆಣ್ಣೆನಗರಿಯವರ ಲೆಕ್ಕಕ್ಕೆ ನಾನು ಸೇರಿಸಬೇಕಾದದ್ದೇನೂ ಇಲ್ಲ. ಕಾಗದಪತ್ರಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ದರದಲ್ಲಿ ಎರಡು ಲಕ್ಷ ಹೆಚ್ಚು ಕೊಟ್ಟವರು ಚೇತರಿಸಿಕೊಳ್ಳುತ್ತಾರೆ, ಹಕ್ಕಿನಲ್ಲಿ ಲೋಪವಿರುವ ಸೈಟು ಕೊಂಡವರು ಚೇತರಿಸಿಕೊಳ್ಳುವುದು ಕಷ್ಟ.

ನಿಮ್ಮದೇ ಸೈಟಿದ್ದರೂ ಕಟ್ಟುವ ಮುನ್ನ ಮೂಲದಿಂದ ಪರಿಶೀಲಿಸಿ. ಹದಡಿ ರಸ್ತೆಯ ಕಡೆಯ ಬಡಾವಣೆಗಳು ಮೊದಲು ಹೊಲಗಳಾಗಿದ್ದವು. ಆ ಹೊಲಕ್ಕೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಭೂಪರಿವರ್ತನೆಯ ಆದೇಶವಾಗಿದೆಯೇ, ಬಡಾವಣೆಯ ನಕ್ಷೆಗೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯೇ, ನಿಮ್ಮ ಸೈಟಿನ ಸಂಖ್ಯೆ ಆ ನಕ್ಷೆಯಲ್ಲಿ ಅದೇ ಅಳತೆಯಲ್ಲಿ ಕಾಣುತ್ತದೆಯೇ ಎಂದು ನೋಡಬೇಕು. ಅನುಮೋದಿತ ನಕ್ಷೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಆಮೇಲೆ ಸೈಟಾಗಿ ಮಾರಿದ ಪ್ರಕರಣಗಳು ನಮ್ಮ ರಾಜ್ಯದಲ್ಲಿ ಅಪರೂಪವಲ್ಲ. ಜಾಗ ಪಾಲಿಕೆಯ ವ್ಯಾಪ್ತಿಯಲ್ಲಿದ್ದರೆ ಇ-ಖಾತೆ ಬೇಕು. ಅದು ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಇನ್ನೂ ಗ್ರಾಮ ಪಂಚಾಯಿತಿಯಲ್ಲಿದ್ದರೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ ಇರಬೇಕು. ನಮೂನೆ 11ಬಿ ಅಥವಾ ಬಿ-ಖಾತೆ ಇದೆ ಎಂದರೆ, ಕಂದಾಯ ಕಟ್ಟಿಸಿಕೊಳ್ಳುತ್ತಾರೆ ಎಂದಷ್ಟೇ ಅರ್ಥ. ಬಡಾವಣೆ ಕ್ರಮಬದ್ಧವಾಗಿದೆ ಎಂದಲ್ಲ. ಅಂಥ ಆಸ್ತಿಗೆ ಸಾಲ ಕೊಡಲು ಬಹಳಷ್ಟು ಬ್ಯಾಂಕುಗಳು ಹಿಂಜರಿಯುತ್ತವೆ.

ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳನ್ನು ತೋರಿಸುವ ಋಣಭಾರ ಪತ್ರವನ್ನು, ಜನ ಇಸಿ ಎನ್ನುತ್ತಾರಲ್ಲ ಅದನ್ನು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಪಡೆಯಬಹುದು. ಹದಿಮೂರು ವರ್ಷದ್ದು ಸಾಕು ಎಂದು ಮಧ್ಯವರ್ತಿಗಳು ಹೇಳಿದರೆ ಒಪ್ಪಬೇಡಿ, 30 ವರ್ಷದ್ದನ್ನು ತೆಗೆಸಿ. ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಪರಿಶೀಲನೆ ಇದೆ. ಅದನ್ನು ನಮ್ಮ ಭಾಗದಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ. ಬಡಾವಣೆಯ ಮೂಲ ಜಮೀನು ಎಂದಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟ ಅಸಿಂಧು. ಜಮೀನು ಮರಳಿ ಕೊಡಿಸಲು ಅರ್ಜಿ ಹಾಕುವುದಕ್ಕೆ ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಆ ಕಾಯ್ದೆ ಇರುವುದು ನ್ಯಾಯಕ್ಕಾಗಿಯೇ. ಭೂಮಿ ಕಳೆದುಕೊಂಡ ಕುಟುಂಬಗಳ ಸಂಕಟ ನಿಜವಾದದ್ದು. ಆದ್ದರಿಂದ ಹಳೆಯ ಪಹಣಿ ಮತ್ತು ಹಕ್ಕು ಬದಲಾವಣೆಯ ದಾಖಲೆಗಳನ್ನು ತಾಲ್ಲೂಕು ಕಚೇರಿಯಿಂದ ತೆಗೆಸಿ, ವಕೀಲರಿಗೆ ತೋರಿಸಿದ ಮೇಲೆಯೇ ಪಾಯ ಹಾಕಿ.

ಸೈಟು ತಂದೆಯವರ ಹೆಸರಿನಲ್ಲಿರುವುದರಿಂದ ಇನ್ನೊಂದು ಪ್ರಶ್ನೆ ಏಳುತ್ತದೆ. ಅವರಿಗೆ ನೀವಲ್ಲದೆ ಬೇರೆ ಮಕ್ಕಳಿದ್ದಾರೆಯೇ?

ಹದಡಿ ರಸ್ತೆಯ ಓದುಗ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ವಿದ್ಯಾನಗರದ ಕಟ್ಟಡದ ಆಸೆಯನ್ನು ಬಿಟ್ಟೆವು. ಸರ್, ನನಗೆ ಒಬ್ಬಳು ತಂಗಿ ಇದ್ದಾಳೆ, ಹರಿಹರದಲ್ಲಿ ಮದುವೆಯಾಗಿದೆ. ತಂದೆಯವರು ಆರೋಗ್ಯವಾಗಿದ್ದಾರೆ, ಸೈಟು ಅವರ ಸ್ವಂತ ದುಡಿಮೆಯಿಂದ ಕೊಂಡದ್ದು. ಇನ್ನೊಂದು ವಿಷಯ: ನಮ್ಮ ಪರಿಚಿತರೊಬ್ಬರು, ಮನೆ ಮುಗಿದ ಕೂಡಲೇ ಆರು ಲಕ್ಷ ಕೊಟ್ಟು ಮೂರು ವರ್ಷಕ್ಕೆ ಲೀಸ್‌ಗೆ ಬರುತ್ತೇವೆ, ಬೇಕಾದರೆ ಅರ್ಧ ಹಣವನ್ನು ಈಗಲೇ ಕೊಡುತ್ತೇವೆ ಎನ್ನುತ್ತಿದ್ದಾರೆ. ಹಾಗೆ ಮಾಡಿದರೆ ಬ್ಯಾಂಕಿನ ಸಾಲವೇ ಅರ್ಧಕ್ಕೆ ಇಳಿಯುತ್ತದಲ್ಲವೇ?

ಪತ್ರಬರಹ:

ಸ್ವಯಾರ್ಜಿತ ಆಸ್ತಿಯಾದ್ದರಿಂದ ತಂದೆಯವರು ತಮ್ಮ ಇಚ್ಛೆಯಂತೆ ವಿಲೇವಾರಿ ಮಾಡಬಹುದು. ಆದರೆ ಅವರು ಏನನ್ನೂ ಬರೆಯದೆ ಹೋದರೆ, ನಿಮ್ಮ ಹಣದಿಂದ ಕಟ್ಟಿದ ಮನೆ ನಿಂತಿರುವ ಜಾಗದಲ್ಲಿ ತಾಯಿ ಮತ್ತು ತಂಗಿಗೂ ನಿಮ್ಮಷ್ಟೇ ಪಾಲು ಬರುತ್ತದೆ. ಅದು ಅವರ ನ್ಯಾಯವಾದ ಹಕ್ಕು. ಅದನ್ನು ಮರೆಮಾಚಿ ಕಟ್ಟಬೇಡಿ. ಈಗಲೇ ತಂದೆ, ತಾಯಿ, ತಂಗಿಯನ್ನು ಕೂರಿಸಿಕೊಂಡು ಮಾತಾಡಿ. ತಂಗಿಗೆ ಒಂದು ಮನೆಯೋ, ಸೈಟಿನ ಬೆಲೆಯಲ್ಲಿ ಪಾಲೋ, ಏನೆಂದು ತೀರ್ಮಾನಿಸಿದ ಮೇಲೆ ತಂದೆಯವರು ನೋಂದಾಯಿತ ದಾನಪತ್ರ ಮಾಡಿಕೊಡಲಿ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕವನ್ನು ಮಾರುಕಟ್ಟೆ ಬೆಲೆಯ ಮೇಲೆ ಲೆಕ್ಕ ಹಾಕುವುದಿಲ್ಲ, ನಿಗದಿತ ಸಣ್ಣ ಮೊತ್ತವಿರುತ್ತದೆ. ದಾನಪತ್ರ ಬೇಡವೆಂದರೆ, ಸೈಟಿನ ಒಡೆಯರನ್ನು ಬ್ಯಾಂಕು ಸಹಸಾಲಗಾರರನ್ನಾಗಿ ಸೇರಿಸಿಕೊಳ್ಳುತ್ತದೆ ಎಂಬುದನ್ನು ತಂದೆಯವರಿಗೆ ಮೊದಲೇ ತಿಳಿಸಿ. ಈ ವಯಸ್ಸಿನಲ್ಲಿ ಸಾಲಪತ್ರಕ್ಕೆ ಸಹಿ ಹಾಕುವುದು ಎಲ್ಲ ಹಿರಿಯರಿಗೂ ಒಪ್ಪಿಗೆಯಾಗುವುದಿಲ್ಲ.

ಬೆಣ್ಣೆನಗರಿ:

ಲೀಸ್ ಬಗ್ಗೆ ನಾನು ಹೇಳುತ್ತೇನೆ. ಆರು ಲಕ್ಷವೂ ಸಾಲವೇ, ಬಡ್ಡಿಯ ಬದಲು ಬಾಡಿಗೆ ಬಿಟ್ಟುಕೊಡುತ್ತೀರಿ ಅಷ್ಟೆ. ತಿಂಗಳಿಗೆ 8,000 ಬಿಟ್ಟುಕೊಟ್ಟರೆ ವರ್ಷಕ್ಕೆ 96,000. ಆರು ಲಕ್ಷಕ್ಕೆ ಇದು ಶೇ 16 ಬಡ್ಡಿ. ಬ್ಯಾಂಕು ಶೇ 8.5ಕ್ಕೆ ಕೊಡುವಾಗ ಇದನ್ನು ಏಕೆ ತೆಗೆದುಕೊಳ್ಳಬೇಕು? ಅದೂ ಅಲ್ಲದೆ ಮೂರು ವರ್ಷಕ್ಕೆ ಆ ಆರು ಲಕ್ಷವನ್ನು ಒಂದೇ ಗಂಟಿನಲ್ಲಿ ಹಿಂದಿರುಗಿಸಬೇಕು. ಬೇರೆ ಲೀಸ್‌ದಾರರು ಸಿಗದಿದ್ದರೆ ಎಲ್ಲಿಂದ ತರುತ್ತೀರಿ? ಒಬ್ಬರ ಹಣವನ್ನು ಇನ್ನೊಬ್ಬರ ಹಣದಿಂದ ತೀರಿಸುತ್ತ ವರ್ಷಗಟ್ಟಲೆ ಸಿಕ್ಕಿಕೊಂಡವರನ್ನು ಎಂಸಿಸಿ ಬ್ಲಾಕುಗಳಲ್ಲೂ ನಿಜಲಿಂಗಪ್ಪ ಬಡಾವಣೆಯಲ್ಲೂ ಕಂಡಿದ್ದೇನೆ. ಬ್ಯಾಂಕಿಗೆ ಒತ್ತೆಯಿಟ್ಟ ಮನೆಯನ್ನು ಬ್ಯಾಂಕಿನ ಒಪ್ಪಿಗೆಯಿಲ್ಲದೆ ಲೀಸ್‌ಗೆ ಕೊಡುವುದು ಸಾಲದ ಷರತ್ತಿಗೂ ವಿರುದ್ಧವಾಗುತ್ತದೆ. ಕೊಡುವವರ ಕಡೆಯಿಂದಲೂ ಯೋಚಿಸಿ: ನೋಂದಣಿಯಿಲ್ಲದ ಬಾಂಡ್ ಕಾಗದವನ್ನು ನಂಬಿ ತಮ್ಮ ಜೀವಮಾನದ ಉಳಿತಾಯ ಕೊಡುತ್ತಾರೆ. ಕಟ್ಟುವ ಮೊದಲೇ ಅವರಿಂದ ಮೂರು ಲಕ್ಷ ಪಡೆಯುವುದು ಬೇಡವೇ ಬೇಡ.

ಕೋಟೆಯೂರಿನವಳು ಉತ್ತರ:

ನಾನು ಚಿತ್ರದುರ್ಗದವಳು. ನಮ್ಮ ಮನೆಯವರೂ ನಾನೂ ಜೆಸಿಆರ್ ಬಡಾವಣೆಯಲ್ಲಿ ಬಾಡಿಗೆ ಮನೆಗಳನ್ನು ನಡೆಸುತ್ತಿದ್ದೇವೆ. ಬಾಡಿಗೆದಾರರ ಬಗ್ಗೆ ಮತ್ತು ಮನೆಯೊಳಗಿನ ವ್ಯವಸ್ಥೆಯ ಬಗ್ಗೆ ಹೇಳುವುದು ನನಗೆ ಮುಖ್ಯವೆನಿಸುತ್ತದೆ, ಏಕೆಂದರೆ ಗಂಡಸರು ಲೆಕ್ಕ ಮುಗಿಸಿದ ಮೇಲೆ ದಿನವೂ ಬಾಗಿಲು ತಟ್ಟುವವರಿಗೆ ಉತ್ತರ ಕೊಡುವುದು ಮನೆಯ ಹೆಂಗಸರೇ.

ವಿದ್ಯಾರ್ಥಿಗಳೋ ಸಂಸಾರಸ್ಥರೋ ಎಂಬುದನ್ನು ನಿಮ್ಮ ಜಾಗ ತೀರ್ಮಾನಿಸುತ್ತದೆ. ನಿಮ್ಮಲ್ಲಿ ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜುಗಳು ಮತ್ತು ಜೆಜೆಎಂ ವೈದ್ಯಕೀಯ ಕಾಲೇಜಿನ ಆಸುಪಾಸಿನಲ್ಲಿ ವಿದ್ಯಾರ್ಥಿಗಳಿಗೆ ತಲೆಗೊಂದರಂತೆ ಕೊಟ್ಟರೆ ಒಂದೇ ಮನೆಗೆ ಹೆಚ್ಚು ಬಾಡಿಗೆ ಬರುತ್ತದೆ, ನಿಜ. ಆದರೆ ಪರೀಕ್ಷೆ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಖಾಲಿ ಮಾಡುತ್ತಾರೆ, ನೀರು ಮತ್ತು ದುರಸ್ತಿಯ ಖರ್ಚು ಎರಡು ಪಟ್ಟಾಗುತ್ತದೆ, ಪಿ.ಜಿ. ಎಂದು ನಡೆಸುವುದಾದರೆ ಸ್ಥಳೀಯ ಸಂಸ್ಥೆಯ ಪರವಾನಗಿಯೂ ಬೇಕು. ಮೊದಲ ಸಲ ಬಾಡಿಗೆಗೆ ಕೊಡುವವರು ಸಂಸಾರಸ್ಥರಿಂದ ಆರಂಭಿಸುವುದು ಲೇಸು. ಬ್ಯಾಂಕು, ಶಾಲೆ, ಸರ್ಕಾರಿ ಕಚೇರಿಗಳ ವರ್ಗಾವಣೆ ಆಗುವುದು ಮೇ-ಜೂನ್ ತಿಂಗಳಲ್ಲಿ, ಮಕ್ಕಳ ಶಾಲೆ ಸೇರಿಸುವುದೂ ಆಗಲೇ. ಆಷಾಢ ಬಂತೆಂದರೆ ನಮ್ಮ ಕಡೆ ಬಹುಪಾಲು ಜನ ಮನೆ ಬದಲಿಸುವುದಿಲ್ಲ. ಕಟ್ಟಡ ಮೇ ಕೊನೆಗೆ ಮುಗಿಯದೆ ಆಷಾಢಕ್ಕೆ ಹೋದರೆ ಶ್ರಾವಣದವರೆಗೆ ಮನೆ ಖಾಲಿ ನಿಲ್ಲುತ್ತದೆ. ಮೇಸ್ತ್ರಿಯ ಹತ್ತಿರ ಮಾತಾಡುವಾಗಲೇ ಈ ಗಡುವನ್ನು ಹೇಳಿಬಿಡಿ.

ಜಾತಿ ಕೇಳಿ, ಊಟ ಕೇಳಿ ಮನೆ ಕೊಡುವ ರೂಢಿ ನಮ್ಮ ಎರಡೂ ಊರುಗಳಲ್ಲಿದೆ. ದಯವಿಟ್ಟು ಅದಕ್ಕೆ ಹೋಗಬೇಡಿ. ಅದು ತಪ್ಪು ಎಂಬುದು ಮೊದಲ ಮಾತು. ನಿಯತ್ತಾಗಿ ಬಾಡಿಗೆ ಕಟ್ಟುವ ಎಷ್ಟೋ ಒಳ್ಳೆಯ ಸಂಸಾರಗಳನ್ನು ಬಾಗಿಲಿನಿಂದಲೇ ಕಳಿಸಿಬಿಡುತ್ತೀರಿ ಎಂಬುದು ಎರಡನೆಯದು. ಕೆಲಸ ಎಲ್ಲಿ, ಹಿಂದಿನ ಮನೆಯ ಮಾಲೀಕರು ಯಾರು, ಅಲ್ಲಿ ಎಷ್ಟು ದಿನ ಇದ್ದರು ಎಂದು ಕೇಳಿ, ಸಾಧ್ಯವಾದರೆ ಆ ಹಿಂದಿನ ಮಾಲೀಕರಿಗೆ ಒಂದು ಫೋನ್ ಮಾಡಿ. ನಮಗೆ ಇದಕ್ಕಿಂತ ಹೆಚ್ಚಿನ ವಿಚಾರಣೆ ಎಂದೂ ಬೇಕಾಗಿಲ್ಲ.

ಇನ್ನು ಮೀಟರು. ಪ್ರತಿ ಮನೆಗೂ ಬೆಸ್ಕಾಂನಿಂದ ಬೇರೆ ಬೇರೆ ಆರ್‌ಆರ್ ನಂಬರಿನ ಮೀಟರು ಹಾಕಿಸಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಇದು ಬಾಡಿಗೆಯಷ್ಟೇ ದೊಡ್ಡ ವಿಷಯವಾಗಿದೆ. 200 ಯೂನಿಟ್ ಒಳಗಿನ ಬಳಕೆಗೆ ಬಾಡಿಗೆದಾರರೂ ಯೋಜನೆಯ ಲಾಭ ಪಡೆಯಬಹುದು, ಆದರೆ ಅವರ ಮನೆಗೆ ಪ್ರತ್ಯೇಕ ಮೀಟರು ಇರಬೇಕು. ಒಂದೇ ಮೀಟರಿಗೆ ನಾಲ್ಕು ಮನೆ ಜೋಡಿಸಿದ ಹಳೆಯ ಕಟ್ಟಡಗಳನ್ನು ಜನ ಈಗ ನೋಡಿ ಹಾಗೇ ಹೋಗುತ್ತಾರೆ. ಮೋಟಾರು ಮತ್ತು ಮೆಟ್ಟಿಲ ದೀಪಕ್ಕೆ ಇನ್ನೊಂದು ಸಾಮಾನ್ಯ ಮೀಟರು ಇರಲಿ, ಇಲ್ಲದಿದ್ದರೆ ಪ್ರತಿ ತಿಂಗಳೂ ಜಗಳ. ಇನ್ನೊಂದನ್ನು ಬೆಸ್ಕಾಂ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಸ್ವಾಧೀನಾನುಭವ ಪತ್ರವಿಲ್ಲದ (ನಕ್ಷೆಯಂತೆ ಕಟ್ಟಿದೆ ಎಂದು ಸ್ಥಳೀಯ ಸಂಸ್ಥೆ ಕೊಡುವ ಓಸಿ) ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಮೇಲೆ ಸಣ್ಣ ಸೈಟುಗಳಿಗೆ ವಿನಾಯಿತಿಯ ಮಾತು ಬಂದರೂ ನಿಮ್ಮದು 2,400 ಚದರಡಿಯ ಸೈಟು. ಮಂಜೂರಾದ ನಕ್ಷೆಯನ್ನು ಮೀರಿ ಒಂದು ಅಡಿಯನ್ನೂ ಕಟ್ಟಬೇಡಿ. ಮೇಸ್ತ್ರಿ, ಎಲ್ಲರೂ ಹಾಗೇ ಮಾಡುತ್ತಾರೆ ಎಂದರೂ ಕೇಳಬೇಡಿ.

ನೀರಿನ ವಿಷಯದಲ್ಲಿ ನೀವು ನಮಗಿಂತ ಅದೃಷ್ಟವಂತರು; ತುಂಗಭದ್ರೆಯೂ ಭದ್ರಾ ನಾಲೆಯೂ ನಿಮಗೆ ಹತ್ತಿರ. ಆದರೂ ನಲ್ಲಿಯಲ್ಲಿ ನೀರು ಬರದ ದಿನಗಳನ್ನು ತಾಳುವಷ್ಟು ದೊಡ್ಡ ಸಂಪನ್ನು ನಾಲ್ಕು ಮನೆಗಳ ಲೆಕ್ಕದಲ್ಲೇ ಈಗಲೇ ಕಟ್ಟಿಬಿಡಿ, ಆಮೇಲೆ ಅಗೆಯಲು ಜಾಗವಿರುವುದಿಲ್ಲ. ಸೂರಿನ ಮಳೆ ನೀರನ್ನು ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಇಳಿಸಿ.

ತುಮಕೂರು-ಚಿತ್ರದುರ್ಗ-ದಾವಣಗೆರೆ ರೈಲು ಮಾರ್ಗದ ಹೆಸರು ಹೇಳಿ ನಮ್ಮಲ್ಲಿ ಸೈಟುಗಳಿಗೆ ಬಹಳ ವರ್ಷಗಳಿಂದ ಬೆಲೆ ಏರಿಸುತ್ತಲೇ ಬಂದಿದ್ದಾರೆ. ಯೋಜನೆ ಮಂಜೂರಾದದ್ದು ದಶಕಕ್ಕೂ ಹಿಂದೆ. ರೈಲು ಬಂದರೆ ಸಂತೋಷ. ಬಾಡಿಗೆಯ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ.

ಲೆಕ್ಕಿಗ ಉತ್ತರ:

ಕರಾರು ಮತ್ತು ತೆರಿಗೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸೇರಿಸುತ್ತೇನೆ. ತಿಂಗಳಿಗೆ 8,000 ಬಾಡಿಗೆಯ ಮನೆಗಳಿಗೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಅನ್ವಯಿಸುವುದಿಲ್ಲ, ಅದರ ಮಿತಿ ಬಹಳ ಕೆಳಗಿದೆ. ಹೀಗಾಗಿ ನಿಮ್ಮ ಕರಾರುಪತ್ರ ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ಕರಾರಿನಲ್ಲಿ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆ ಬಿಡಿಸಲು 15 ದಿನಗಳ ನೋಟಿಸು ಸಾಕು ಎಂದು ಆ ಕಾಯ್ದೆ ಹೇಳುತ್ತದೆ. ಎರಡೂ ಕಡೆಯವರಿಗೆ ಎರಡು ತಿಂಗಳ ಸೂಚನೆ ಎಂದು ಬರೆದುಕೊಳ್ಳುವುದು ಹೆಚ್ಚು ಮಾನವೀಯ. ಒಂದು ವರ್ಷ ಮೀರಿದ ಅವಧಿಯ ಕರಾರನ್ನು ನೋಂದಾಯಿಸಲೇಬೇಕು. ಹನ್ನೊಂದು ತಿಂಗಳ ಕರಾರಿನ ರೂಢಿ ಬಂದದ್ದು ಅದಕ್ಕಾಗಿಯೇ. ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ, ಖಾಲಿ ಮಾಡುವಾಗ ಬಣ್ಣಕ್ಕೆ ಎಷ್ಟು ಹಿಡಿದುಕೊಳ್ಳುತ್ತೀರಿ ಎಂಬೆರಡನ್ನು ಅಂಕಿಯಲ್ಲೇ ಬರೆಯಿರಿ. ಮುಂಗಡದ ಹಣವನ್ನು ಕಟ್ಟಡಕ್ಕೆ ಸುರಿಯದೆ ಪ್ರತ್ಯೇಕ ಠೇವಣಿಯಲ್ಲಿಡಿ, ಅದು ಬಾಡಿಗೆದಾರರ ಹಣ.

ಆದಾಯ ತೆರಿಗೆಯಲ್ಲಿ ಬಾಡಿಗೆ ಮನೆಗೆ ಸಿಗುವ ಅನುಕೂಲ ಸಣ್ಣದಲ್ಲ. ಬಂದ ಬಾಡಿಗೆಯಲ್ಲಿ ನೀವು ವಾಸ್ತವವಾಗಿ ಕಟ್ಟಿದ ಪಾಲಿಕೆಯ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30ನ್ನು ರಸೀದಿ ಕೇಳದೆ ದುರಸ್ತಿಗೆಂದು ಬಿಡುತ್ತಾರೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಬೆಣ್ಣೆನಗರಿಯವರು ಹೇಳಿದ ಎರಡು ಮನೆಗಳನ್ನೇ ತೆಗೆದುಕೊಳ್ಳಿ: ವರ್ಷಕ್ಕೆ 1.92 ಲಕ್ಷ ಬಾಡಿಗೆ, ಕಂದಾಯ 7,000 ಎಂದುಕೊಂಡರೆ 1.85 ಲಕ್ಷ, ಶೇ 30 ಬಿಟ್ಟರೆ ಸುಮಾರು 1.3 ಲಕ್ಷ, ಮೊದಲ ವರ್ಷದ ಬಡ್ಡಿ ಸುಮಾರು 1.1 ಲಕ್ಷ. ತೆರಿಗೆಗೆ ಒಳಪಡುವುದು 20,000ದ ಸುತ್ತಮುತ್ತ ಮಾತ್ರ. ಕಟ್ಟುವ ಅವಧಿಯಲ್ಲಿ ತೆತ್ತ ಬಡ್ಡಿಯನ್ನೂ ಮನೆ ಮುಗಿದ ವರ್ಷದಿಂದ ಐದು ಸಮ ಕಂತುಗಳಲ್ಲಿ ಕಳೆಯಲು ಅವಕಾಶವಿದೆ, ಬ್ಯಾಂಕಿನ ಬಡ್ಡಿ ಪ್ರಮಾಣಪತ್ರಗಳನ್ನು ಜೋಪಾನ ಮಾಡಿ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಬಾಡಿಗೆಯನ್ನು ಮೀರಿದ ಬಡ್ಡಿಯ ನಷ್ಟವನ್ನು ಸಂಬಳದಲ್ಲಿ ಕಳೆಯಲಾಗುವುದಿಲ್ಲ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ ಎರಡು ಲಕ್ಷದವರೆಗೆ ಕಳೆಯಬಹುದು. ವಾಸಕ್ಕೆಂದು ಕೊಟ್ಟ ಮನೆಯ ಬಾಡಿಗೆಗೆ, ಬಾಡಿಗೆದಾರರು ಸಾಮಾನ್ಯ ಕುಟುಂಬವಾಗಿದ್ದರೆ, ಜಿಎಸ್‌ಟಿ ಇಲ್ಲ. ಮುಂದೆ ನೆಲ ಅಂತಸ್ತಿನ ಒಂದು ಮನೆಯನ್ನು ಅಂಗಡಿಗೋ ಕ್ಲಿನಿಕ್ಕಿಗೋ ಕೊಡುವ ಮನಸ್ಸಾದರೆ ಆ ಲೆಕ್ಕವೂ ಬದಲಾಗುತ್ತದೆ, ಬೆಸ್ಕಾಂ ದರವೂ ಬದಲಾಗುತ್ತದೆ, ಪಾಲಿಕೆಯ ಕಂದಾಯವೂ ಬದಲಾಗುತ್ತದೆ; ಕೇಳಿಕೊಂಡು ಮುಂದುವರಿಯಿರಿ.

ಆಸ್ತಿ ನಿಮ್ಮ ಮತ್ತು ಪತ್ನಿಯವರ ಇಬ್ಬರ ಹೆಸರಿನಲ್ಲೂ ಇರಬೇಕೆಂದಿದ್ದರೆ ದಾನಪತ್ರದಲ್ಲಿಯೇ ಇಬ್ಬರ ಹೆಸರೂ, ಪಾಲಿನ ಪ್ರಮಾಣವೂ ಇರಬೇಕು. ಪತ್ರ ನೋಂದಣಿಯಾದ ಮೇಲೆ ಹೆಸರು ಸೇರಿಸಲು ಹೊರಟರೆ ಮತ್ತೊಂದು ಪತ್ರ, ಮತ್ತೊಂದು ಖಾತೆ ಬದಲಾವಣೆ.